ಬಾಲ್ಯಸ್ಮರಣೆ: ಮೋಹವೋ, ಪ್ರತಿಕ್ರಮಣವೋ?

ದೀಪಾವಳಿಯು ಶ್ರಾವಕರ ಪಾಲಿಗೆ ಭಗವಾನ್ ಮಹಾವೀರರ ನಿರ್ವಾಣೋತ್ಸವ. ಹಬ್ಬಕ್ಕೆ ಮುನ್ನ ಮನೆಯ ಮೂಲೆಮೂಲೆಗಳನ್ನು ಗುಡಿಸಿ, ಅಟ್ಟದ ಮೇಲಿನ ಹಳೆಯ ಸಾಮಾನುಗಳನ್ನು ಕೆಳಗಿಳಿಸಿ, ಬೇಕಾದುದನ್ನು ಉಳಿಸಿಕೊಂಡು ಬೇಡವಾದುದನ್ನು ಬಿಡುವ ವಾಡಿಕೆ ಯಾದಗಿರಿ, ಶಹಾಪುರ, ಸುರಪುರಗಳ ಮನೆಗಳಲ್ಲಿಯೂ ಉಂಟು. ವಿಚಾರದ ಅನುಕೂಲಕ್ಕಾಗಿ ಯಾದಗಿರಿಯ ಇಂತಹ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಅಟ್ಟದಿಂದ ಒಂದು ತಗಡಿನ ಪೆಟ್ಟಿಗೆ ಇಳಿಯುತ್ತದೆ. ಒಳಗೆ ಹೆಬ್ಬೆರಳಿನಷ್ಟು ಎತ್ತರದ ಪ್ಲಾಸ್ಟಿಕ್ ರಾಕ್ಷಸರು, ಬಾಯಿ ತೆರೆದ ಸರ್ಪಗಳು, ತಲೆಬುರುಡೆಯ ಆಕಾರದ ಒಂದು ಕೋಟೆ, ಇವೆಲ್ಲವನ್ನೂ ಗೆಲ್ಲಲೆಂದೇ ಹುಟ್ಟಿದ ಒಬ್ಬ ಪುಟ್ಟ ವೀರ. ಕೆಲವು ಜಾತ್ರೆಯ ಅಂಗಡಿಯಲ್ಲಿ ಕೊಂಡವು. ಕೆಲವು ಮುಂಬಯಿಯ ಬಂಧುಗಳು ತಂದುಕೊಟ್ಟವು.

ಮನೆಯ ಹಿರಿಯಳಾದ ಅಜ್ಜಿ, ಜಿನಬಿಂಬವಿರುವ ಮನೆಯಲ್ಲಿ ಇಂತಹ ವಿಕಾರ ರೂಪಗಳು ಇರಕೂಡದು, ಇಂದೇ ಹೊರಹಾಕಿರಿ ಎನ್ನುತ್ತಾಳೆ. ನಲವತ್ತು ದಾಟಿದ ಮಗ ಒಂದು ಗೊಂಬೆಯನ್ನು ಕೈಯಲ್ಲಿ ಹಿಡಿದು ಕುಳಿತವನು ಏಳುವುದಿಲ್ಲ. ಆ ಗೊಂಬೆಗಳೊಡನೆ ಅವನ ಜೊತೆಯಲ್ಲಿ ಆಡಿದ ತಮ್ಮ ಈಗ ಬದುಕಿಲ್ಲ. ಎಂಟು ವರ್ಷದ ಮೊಮ್ಮಗಳು ಮಾತ್ರ, ಇವೆಲ್ಲ ನನಗೆ ಬೇಕು ಎಂದು ಕೈಚಾಚುತ್ತಾಳೆ. ಒಂದು ಪೆಟ್ಟಿಗೆಯ ಸುತ್ತ ಮೂರು ತಲೆಮಾರು, ಮೂರು ಭಾವ. ಅಜ್ಜಿಯದು ಜುಗುಪ್ಸೆ, ಮಗನದು ರಾಗಮಿಶ್ರಿತ ಶೋಕ, ಮೊಮ್ಮಗಳದು ಆಸೆ. ಇವರಲ್ಲಿ ಯಾರು ಸರಿ? ಬಾಲ್ಯದ ಆಟಿಕೆಯನ್ನು ನೆನೆದು ಕರಗುವುದು ದೋಷವೇ? ರಾಕ್ಷಸನನ್ನು ಕೊಲ್ಲುವ ಆಟ ಹಿಂಸೆಯೇ? ಪ್ರಶ್ನೆಗಳು ಚಿಕ್ಕವಾಗಿ ತೋರಿದರೂ ನಮ್ಮ ಆಚಾರ್ಯರು ಇವನ್ನು ಚಿಕ್ಕವೆಂದು ತಳ್ಳಿಹಾಕಲಿಲ್ಲ.

ಮೊದಲು ಈ ಗೊಂಬೆಗಳ ಹುಟ್ಟನ್ನು ಅರಿಯಬೇಕು. ಹಿಂದೆ ಕಥೆ ಮೊದಲು ಹುಟ್ಟುತ್ತಿತ್ತು. ಕಥೆಯನ್ನು ಮೆಚ್ಚಿದವರು ಅದರ ಪಾತ್ರಗಳ ಗೊಂಬೆ ಮಾಡುತ್ತಿದ್ದರು. ಕಳೆದ ಶತಮಾನದ ಕೊನೆಯ ಭಾಗದಲ್ಲಿ ಈ ಕ್ರಮ ತಲೆಕೆಳಗಾಯಿತು. ಅಮೆರಿಕದ ಮ್ಯಾಟೆಲ್ ಸಂಸ್ಥೆ 1982ರಲ್ಲಿ ಹೀ-ಮ್ಯಾನ್ ಗೊಂಬೆಗಳನ್ನು ಮಾರುಕಟ್ಟೆಗೆ ತಂದಿತು. ಅದರ ಕಾರ್ಟೂನ್ ಮಾಲಿಕೆ 1983ರಲ್ಲಿ ಬಂತು. ಇಂಗ್ಲೆಂಡಿನ ಬ್ಲೂಬರ್ಡ್ ಸಂಸ್ಥೆ 1989ರಲ್ಲಿ ಅಂಗೈಯಗಲದ ಡಬ್ಬಿಯೊಳಗೆ ಪುಟ್ಟ ಮನೆಯನ್ನಿಟ್ಟು 'ಪಾಲಿ ಪಾಕೆಟ್' ಎಂದು ಹೆಣ್ಣುಮಕ್ಕಳಿಗಾಗಿ ಮಾರಿತು. ಅದು ಗೆದ್ದಮೇಲೆ 1992ರಲ್ಲಿ ಗಂಡುಮಕ್ಕಳಿಗೆಂದು 'ಮೈಟಿ ಮ್ಯಾಕ್ಸ್' ಬಂತು. ಬುರುಡೆ, ಸರ್ಪ, ಘಟಸರ್ಪಗಳ ಆಕಾರದ ಡಬ್ಬಿ. ತೆರೆದರೆ ಒಳಗೊಂದು ಭಯಾನಕ ಲೋಕ, ಅದರಲ್ಲಿ ಕಡಲೆಕಾಳಿನಷ್ಟು ಬಾಲಕ, ಅವನ ಎದುರಿಗೆ ರಾಕ್ಷಸರು. ಮರುವರ್ಷವೇ ಅದರ ಕಾರ್ಟೂನ್ ಆರಂಭವಾಗಿ 40 ಕಂತುಗಳಲ್ಲಿ ನಡೆಯಿತು. 'ಮಾನ್ಸ್ಟರ್ ಇನ್ ಮೈ ಪಾಕೆಟ್', ಅಂದರೆ ಜೇಬಿನೊಳಗಿನ ರಕ್ಕಸ ಎಂಬ ಹೆಸರಿನ ಗೊಂಬೆಗಳು 1990ರ ಸುಮಾರಿಗೆ ಹೊರಟವು. 1992ರಲ್ಲಿ ಅವಕ್ಕೂ ಒಂದು ಕಾರ್ಟೂನ್ ಚಿತ್ರವಾಯಿತು. ಜಪಾನಿನ ಪೋಕೆಮಾನ್ 1996ರಲ್ಲಿ ವಿಡಿಯೋ ಆಟವಾಗಿ, 1997ರಲ್ಲಿ ದೂರದರ್ಶನ ಮಾಲಿಕೆಯಾಗಿ ಬಂತು. ಆ ಹೆಸರಿನ ಅರ್ಥವೂ ಜೇಬಿನ ರಕ್ಕಸನೆಂದೇ.

ನಮ್ಮ ನಾಡಿಗೆ ಇವು ಮೊದಲು ದೂರದರ್ಶನದಿಂದ, ಆಮೇಲೆ ಕೇಬಲ್ ತಂತಿಯಿಂದ ಬಂದವು. ಕಾರ್ಟೂನ್ ನೆಟ್‌ವರ್ಕ್ ಭಾರತದಲ್ಲಿ ಪ್ರಸಾರ ಆರಂಭಿಸಿದ್ದು 1995ರಲ್ಲಿ. ಪೋಕೆಮಾನ್ ಬಂದದ್ದು 2003ರ ಸುಮಾರಿಗೆ. ಆಗ ಚಿಪ್ಸ್ ಪೊಟ್ಟಣಗಳೊಳಗೆ ಆ ವಿಚಿತ್ರ ಪ್ರಾಣಿಗಳ ಚಿತ್ರವಿದ್ದ ದುಂಡು ಬಿಲ್ಲೆಗಳು ಸಿಗುತ್ತಿದ್ದವು. ಆಲೂಗಡ್ಡೆ ಕಂದಮೂಲವಾದುದರಿಂದ ಅದನ್ನು ತಿನ್ನದ ಮನೆಯ ಮಗುವಿಗೆ ಅದೊಂದು ನಿಜವಾದ ಧರ್ಮಸಂಕಟ. ತಿನಿಸು ನಿಷಿದ್ಧ, ಒಳಗಿನ ಬಿಲ್ಲೆ ಇಷ್ಟ. ಗೆಳೆಯನಿಗೆ ತಿನಿಸು ಕೊಟ್ಟು ಬಿಲ್ಲೆ ಇಟ್ಟುಕೊಂಡ ಮಗು ವ್ರತವನ್ನು ಉಳಿಸಿತೇ, ಮುರಿಯಿತೇ? ಹಿರಿಯರು ನಕ್ಕು ಸುಮ್ಮನಾದರು. ಆದರೆ ಸಂಯಮದ ಮೊದಲ ಪಾಠವನ್ನೋ ಮಾಯೆಯ ಮೊದಲ ಪಾಠವನ್ನೋ ಮಗು ಅಲ್ಲಿಯೇ ಕಲಿತಿರಬೇಕು.

ಗೊಂಬೆಯಾಟ ನಮ್ಮ ಭಾಗಕ್ಕೆ ಹೊಸದಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಮನೆಮನೆಯಲ್ಲಿ ಮಣ್ಣಿನ ಎತ್ತುಗಳಾಗುತ್ತವೆ. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಮಣ್ಣಿನ ಗುಳ್ಳವ್ವನನ್ನು ಮಾಡಿ ಸಿಂಗರಿಸುತ್ತಾರೆ. ಗೌರಿ ಹುಣ್ಣಿಮೆಗೆ ಸಕ್ಕರೆಯ ಆನೆ, ಕುದುರೆ, ಗಿಳಿಗಳು ತಟ್ಟೆಯಲ್ಲಿ ಕೂಡುತ್ತವೆ. ಇವು ಜೈನ ವ್ರತಗಳಲ್ಲವಾದರೂ ಊರಿನ ಮಕ್ಕಳೊಡನೆ ಬೆಳೆದ ನಮ್ಮ ಮಕ್ಕಳೂ ಈ ಆಟಗಳಲ್ಲಿ ಕೂಡಿಕೊಂಡವರೇ. ಈ ಗೊಂಬೆಗಳಿಗೂ ಪೆಟ್ಟಿಗೆಯಲ್ಲಿರುವ ಗೊಂಬೆಗಳಿಗೂ ಒಂದು ಮುಖ್ಯ ಭೇದವಿದೆ. ಮಣ್ಣಿನ ಎತ್ತು ನೀರಿಗೆ ಸೇರಿ ಮಣ್ಣಾಗುತ್ತದೆ. ಸಕ್ಕರೆಯ ಆನೆ ವಾರದೊಳಗೆ ಕರಗುತ್ತದೆ. ಮಾಡುವುದು, ಆಡುವುದು, ಬಿಡುವುದು ಎಂಬ ಮೂರೂ ಆ ಆಟದ ಅಂಗಗಳು. ಕಾರ್ಖಾನೆಯ ಗೊಂಬೆಗೆ ಮೂರನೆಯದು ಇಲ್ಲ. ಅದು ಬಿಡುವುದಕ್ಕಲ್ಲ, ಕೂಡಿಹಾಕುವುದಕ್ಕೆ. ಒಂದನ್ನು ಕೊಂಡೊಡನೆ ಸರಣಿಯ ಇನ್ನೊಂದು ಬೇಕೆನಿಸುವಂತೆ ಅದನ್ನು ರೂಪಿಸಲಾಗಿದೆ. ಆ ಬಯಕೆ ಆರದಂತೆ ನೋಡಿಕೊಳ್ಳುವುದೇ ಕಾರ್ಟೂನಿನ ಕೆಲಸ. ಪರಿಗ್ರಹ ಪರಿಮಾಣವೆಂಬ ಅಣುವ್ರತವನ್ನು ಬಲ್ಲವರಿಗೆ ಇದರ ಅಪಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಹಿಂಸೆಯ ಪ್ರಶ್ನೆ. ಪ್ರಾಣವಿಲ್ಲದ ಗೊಂಬೆಯನ್ನು ಆಟದಲ್ಲಿ ಕೊಂದರೆ ಯಾರಿಗೆ ನೋವು ಎಂದು ಕೇಳುವುದು ಸಹಜ. ಇದಕ್ಕೆ ಜೈನ ಸಾಹಿತ್ಯ ಕೊಟ್ಟ ಉತ್ತರ ಯಶೋಧರನ ಕಥೆ. ಈ ಕಥೆಗೆ ನಮ್ಮ ಭಾಗದ ನಂಟೂ ಉಂಟು. ಯಾದಗಿರಿಯ ನೆರೆಯ ಕಲಬುರಗಿ ಜಿಲ್ಲೆಯಲ್ಲಿ, ಕಾಗಿಣಾ ನದಿಯ ದಂಡೆಯಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಹತ್ತನೆಯ ಶತಮಾನದಲ್ಲಿ ಆ ನಗರದಲ್ಲಿದ್ದ ಪುಷ್ಪದಂತ ಕವಿ ಅಪಭ್ರಂಶದಲ್ಲಿ ಈ ಕಥೆಯನ್ನು ಬರೆದನು. ಕನ್ನಡದಲ್ಲಿ ಜನ್ನನು 1209ರಲ್ಲಿ 'ಯಶೋಧರ ಚರಿತೆ'ಯನ್ನು ರಚಿಸಿದನು. ಪ್ರಾಣಿಬಲಿ ಕೊಡೆನೆಂದ ಅರಸ ಯಶೋಧರ, ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಕಡಿಯಲು ಒಪ್ಪುತ್ತಾನೆ. ಕಡಿದ ಕ್ಷಣ ಆ ಹಿಟ್ಟಿನ ಕೋಳಿ ಕೂಗುತ್ತದೆ. ಆ ಒಂದು ಸಂಕಲ್ಪದ ಫಲವಾಗಿ ತಾಯಿ ಮಗ ಇಬ್ಬರೂ ನವಿಲು ನಾಯಿಗಳು ಮೊದಲಾದ ತಿರ್ಯಕ್ ಜನ್ಮಗಳಲ್ಲಿ ತೊಳಲಿ, ಒಬ್ಬರಿಂದೊಬ್ಬರು ಸಾಯುತ್ತಾರೆ.

ಹಾಗಾದರೆ ರಾಕ್ಷಸ ಗೊಂಬೆಯನ್ನು ಬೀಳಿಸುವ ಪ್ರತಿಯೊಂದು ಮಗುವೂ ಯಶೋಧರನೇ? ಹಾಗೆನ್ನುವುದು ಕಥೆಯ ತಾತ್ಪರ್ಯವನ್ನು ತಪ್ಪಾಗಿ ಗ್ರಹಿಸಿದಂತೆ. ಯಶೋಧರನಿಗೆ ಕೊಲ್ಲುವುದು ಪಾಪವೆಂದು ಗೊತ್ತಿತ್ತು. ಕೊಲೆಯ ಫಲ ಬೇಕು, ಕೊಲೆಯ ಪಾಪ ಬೇಡ ಎಂಬ ಲೆಕ್ಕದಿಂದ ಅವನು ಹಿಟ್ಟನ್ನು ಆರಿಸಿಕೊಂಡನು. ಆ ಲೆಕ್ಕವೇ ಸಂಕಲ್ಪ ಹಿಂಸೆ. ಮಗುವಿನ ಆಟದಲ್ಲಿ ಈ ಲೆಕ್ಕವಿಲ್ಲ. ಅದು ಬಹುಮಟ್ಟಿಗೆ ತನ್ನ ಭಯವನ್ನೇ ಅಂಗೈಯಷ್ಟು ಮಾಡಿ, ಅದರ ಮೇಲೆ ಕೈಯಿಟ್ಟು ನೋಡುತ್ತಿರುತ್ತದೆ. ಕತ್ತಲೆಗೆ ಹೆದರುವ ಮಗು ಕತ್ತಲೆಯ ರಕ್ಕಸನನ್ನು ಜೇಬಿನಲ್ಲಿಟ್ಟುಕೊಂಡರೆ ಭಯವೆಂಬ ನೋಕಷಾಯ ಒಂದಿಷ್ಟು ಸಡಿಲಬಹುದು. ಯಾದಗಿರಿ ತಾಲ್ಲೂಕಿನ ಮೈಲಾಪುರದ ಸಂಕ್ರಾಂತಿ ಜಾತ್ರೆಯಲ್ಲಿ ದೇವರ ಪಲ್ಲಕ್ಕಿಯ ಮೇಲೆ ಜೀವಂತ ಕುರಿಮರಿಗಳನ್ನು ಎಸೆಯುವ ಹರಕೆಯಿತ್ತು. ಜಿಲ್ಲಾಡಳಿತ ಅದನ್ನು ನಿಷೇಧಿಸಿದೆ. ಎಸೆತಕ್ಕೆ ಸಿಕ್ಕ ಕುರಿಮರಿಗೂ ಅಂಗಡಿಯ ಪ್ಲಾಸ್ಟಿಕ್ ರಕ್ಕಸನಿಗೂ ಇರುವ ಅಂತರವನ್ನು ಮರೆತು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ವಿವೇಕವಲ್ಲ.

ಆದರೂ ಆಟ ಪೂರ್ತಿ ನಿರ್ದೋಷವೆಂದು ಹೇಳಿ ಮುಗಿಸುವಂತಿಲ್ಲ. ಶ್ರಾವಕರ ಗುಣವ್ರತಗಳಲ್ಲಿ ಅನರ್ಥದಂಡವಿರತಿ ಒಂದು. ಪ್ರಯೋಜನವಿಲ್ಲದ ಪಾಪದಿಂದ ದೂರವಿರುವುದು ಅದರ ತಿರುಳು. ಸಮಂತಭದ್ರಾಚಾರ್ಯರು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಅದರ ಐದು ಬಗೆಗಳನ್ನು ಹೇಳುವಾಗ ಹಿಂಸಾದಾನ, ಅಪಧ್ಯಾನ, ದುಃಶ್ರುತಿಗಳನ್ನು ಸೇರಿಸಿದ್ದಾರೆ. ಹಿಂಸೆಯ ಉಪಕರಣವನ್ನು ಇನ್ನೊಬ್ಬರ ಕೈಗೆ ಕೊಡುವುದು, ದ್ವೇಷದಿಂದ ಇನ್ನೊಬ್ಬರ ಕೇಡನ್ನು ಚಿಂತಿಸುವುದು, ಮನಸ್ಸನ್ನು ಕಲುಷಿತಗೊಳಿಸುವ ಕಥೆಗಳನ್ನು ಕೇಳುವುದು ಎಂದು ಇವುಗಳ ಸ್ಥೂಲಾರ್ಥ. ಪ್ರತಿ ಕಂತಿನಲ್ಲಿಯೂ ಹುಟ್ಟಿನಿಂದಲೇ ಕೆಟ್ಟವನಾದ ಒಬ್ಬ ರಕ್ಕಸ, ಅವನನ್ನು ಕೆಡವಿದರೆ ಲೋಕಕ್ಕೆ ಕ್ಷೇಮ ಎಂದು ಸಾರುವ ಕಥೆಯನ್ನು ನೂರು ಸಲ ನೋಡಿದ ಮಗುವಿನ ಮನಸ್ಸಿನಲ್ಲಿ ಏನು ಉಳಿಯುತ್ತದೆ? ಅಪಾಯ ಇಲ್ಲಿದೆ. ಗೊಂಬೆ ವಿಕಾರವಾಗಿದೆ ಎಂಬುದು ದೋಷವಲ್ಲ. ಆ ವಿಕಾರಕ್ಕೆ ಹೃದಯವಿಲ್ಲ ಎಂದು ಕಲಿಸುವುದು ದೋಷ.

ರಾಕ್ಷಸನನ್ನು ಜೈನ ಕವಿಗಳು ಹೇಗೆ ಕಂಡರೆಂಬುದನ್ನು ಇಲ್ಲಿ ನೆನೆಯಬೇಕು. ಜೈನ ರಾಮಕಥೆಯಲ್ಲಿ ರಾವಣನು ವಿದ್ಯಾಧರ. ರಾಕ್ಷಸವೆಂಬುದು ಅವನ ವಂಶದ ಹೆಸರು ಮಾತ್ರ. ವಿಮಲಸೂರಿಯ 'ಪಉಮಚರಿಯ'ದ ಪ್ರಕಾರ ಅವನಿಗೆ ಹತ್ತು ತಲೆಗಳಿರಲಿಲ್ಲ. ಶಿಶುವಾಗಿದ್ದಾಗ ಅವನು ಕೈಗೆತ್ತಿಕೊಂಡ ರತ್ನಹಾರದ ಮಣಿಗಳಲ್ಲಿ ಅವನ ಮುಖ ಒಂಬತ್ತಾಗಿ ಪ್ರತಿಬಿಂಬಿಸಿತು. ಅದರಿಂದ ದಶಮುಖನೆಂಬ ಹೆಸರಾಯಿತು. ಲೋಕವು ಹತ್ತು ತಲೆಯ ಭೂತವೆಂದು ಚಿತ್ರಿಸಿದವನನ್ನು ನಮ್ಮ ಪುರಾಣ ಹಾರದೊಡನೆ ಆಡುವ ಒಂದು ಕೂಸಾಗಿ ತೋರಿಸಿತು. ಕನ್ನಡದಲ್ಲಿ ನಾಗಚಂದ್ರನು ಅದೇ ರಾವಣನನ್ನು ಉದಾತ್ತ ಗುಣಗಳಿದ್ದೂ ಒಂದು ಮೋಹದಿಂದ ಕೆಟ್ಟವನನ್ನಾಗಿ ಕಂಡನು. ಅವನು ಮುಂದೊಂದು ಕಾಲದಲ್ಲಿ ತೀರ್ಥಂಕರನಾಗುವನೆಂಬುದು ನಮ್ಮ ಪರಂಪರೆಯ ನಂಬಿಕೆ. ತೀರ್ಥಂಕರನಾಗಲಿರುವ ಜೀವವನ್ನು ರಕ್ಕಸನೆಂದು ಕರೆದು ಮುಗಿಸುವುದು ಹೇಗೆ?

ರೂಪಕ್ಕೆ ಹೆಸರು ಕೊಡುವವರು ನೋಡುವವರೇ. ಶಹಾಪುರದ ಬೆಟ್ಟಗಳ ಸಾಲನ್ನು ದೂರದಿಂದ ನೋಡಿದರೆ ಒಬ್ಬ ಮನುಷ್ಯ ಅಂಗಾತ ಮಲಗಿದಂತೆ ತೋರುತ್ತದೆ. ಜನರು ಅದನ್ನು ಬುದ್ಧ ಮಲಗಿದ ಬೆಟ್ಟವೆಂದರು. ಆದುದರಿಂದ ನೋಡಿದವರ ಮನಸ್ಸಿನಲ್ಲಿ ಶಾಂತಿ ಮೂಡುತ್ತದೆ. ಅದೇ ಕಲ್ಲುಗಳಿಗೆ ರಕ್ಕಸನ ಹೆಸರು ಬಿದ್ದಿದ್ದರೆ ಮಕ್ಕಳು ಸಂಜೆಯ ಹೊತ್ತು ಆ ಕಡೆ ನೋಡಲು ಅಂಜುತ್ತಿದ್ದರು. ಮೇಲೆ ಹೇಳಿದ ಜೇಬಿನ ರಕ್ಕಸರ ಸರಣಿಯಲ್ಲಿ ಕಾಳಿ, ಗಣೇಶರ ರೂಪಗಳೂ ಸೇರಿದ್ದವು. ಹಿಂದೂ ಭಕ್ತರು ಅದನ್ನು ಪ್ರತಿಭಟಿಸಿದರು. ಒಬ್ಬರ ಆರಾಧ್ಯ ರೂಪ ಇನ್ನೊಬ್ಬರ ಅಂಗಡಿಯಲ್ಲಿ ರಕ್ಕಸನಾಯಿತು. ಅನೇಕಾಂತದೃಷ್ಟಿ ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಸರಳ ನಿದರ್ಶನ ಬೇಕಿಲ್ಲ.

ಈಗ ಗೊಂಬೆ ಹಿಡಿದು ಕುಳಿತ ಮಗನ ಬಳಿಗೆ ಬರೋಣ. ಅವನ ಸ್ಥಿತಿಯನ್ನು ಆಚಾರ್ಯರು ಬಹಳ ಹಿಂದೆಯೇ ಕಂಡಿದ್ದರು. 'ತತ್ತ್ವಾರ್ಥಸೂತ್ರ'ದ ಏಳನೆಯ ಅಧ್ಯಾಯದಲ್ಲಿ ಸಲ್ಲೇಖನೆಯ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ಮಿತ್ರಾನುರಾಗ, ಸುಖಾನುಬಂಧ ಎಂಬ ಎರಡಿವೆ. ಮಿತ್ರಾನುರಾಗವೆಂದರೇನು? ಪೂಜ್ಯಪಾದರು 'ಸರ್ವಾರ್ಥಸಿದ್ಧಿ'ಯಲ್ಲಿ ಇದನ್ನು ವಿವರಿಸುವಾಗ, ಹಿಂದಿನ ಗೆಳೆಯರೊಡನೆ ಧೂಳಿನಲ್ಲಿ ಆಡಿದ ಆಟ ಮೊದಲಾದುವನ್ನು ನೆನೆಯುವುದನ್ನೇ ಉದಾಹರಿಸುತ್ತಾರೆ. ಸುಖಾನುಬಂಧವೆಂದರೆ ಅನುಭವಿಸಿದ ಪ್ರೀತಿವಿಶೇಷಗಳನ್ನು ಮರಳಿ ಮರಳಿ ಮನಸ್ಸಿಗೆ ತಂದುಕೊಳ್ಳುವುದು. ಅನ್ನಪಾನಗಳನ್ನು ಬಿಟ್ಟ, ದೇಹದ ಮಮತೆಯನ್ನೂ ಬಿಡುತ್ತಿರುವ ಸಾಧಕನಿಗೆ ಕೊನೆಯ ಗಳಿಗೆಯಲ್ಲಿ ತೊಡರಾಗಬಲ್ಲದ್ದು ರಾಜ್ಯವಲ್ಲ, ಹೊನ್ನಲ್ಲ, ಬಾಲ್ಯದ ಧೂಳಿನಾಟ! ಮನುಷ್ಯಹೃದಯವನ್ನು ಇಷ್ಟು ಸೂಕ್ಷ್ಮವಾಗಿ ಬಲ್ಲ ಶಾಸ್ತ್ರವನ್ನು ಶುಷ್ಕವೆನ್ನುವವರು ಓದದೆ ಅನ್ನುತ್ತಾರೆ.

ಹಾಗೆಂದು ಶಾಸ್ತ್ರವು ಸತ್ತ ತಮ್ಮನನ್ನು ಮರೆಯೆಂದು ಹೇಳುತ್ತದೆಯೇ? ಇಲ್ಲ. ಮೊದಲನೆಯದಾಗಿ, ಅದು ಸಲ್ಲೇಖನಾವ್ರತದ ಅತಿಚಾರ. ಗೃಹಸ್ಥನ ನಿತ್ಯಜೀವನಕ್ಕೆ ಅದನ್ನು ಯಥಾವತ್ತಾಗಿ ಹೊರಿಸುವುದು ನ್ಯಾಯವಲ್ಲ. ಎರಡನೆಯದಾಗಿ, ಜೈನ ನ್ಯಾಯಶಾಸ್ತ್ರವು ಸ್ಮೃತಿಗೆ ಗೌರವದ ಸ್ಥಾನ ಕೊಟ್ಟಿದೆ. ಅನ್ಯ ದರ್ಶನಕಾರರು ಹಲವರು ಸ್ಮೃತಿಯನ್ನು ಪ್ರಮಾಣವೆಂದು ಒಪ್ಪದಿದ್ದಾಗ ನಮ್ಮ ತಾರ್ಕಿಕರು ಅದನ್ನು ಪರೋಕ್ಷ ಪ್ರಮಾಣದ ಐದು ಬಗೆಗಳಲ್ಲಿ ಮೊದಲನೆಯದಾಗಿ ಎಣಿಸಿದರು. ನೆನಪು ಜ್ಞಾನದ ದ್ವಾರ. ಯಶೋಧರನ ಕಥೆಯಲ್ಲಿಯೂ ಬಿಡುಗಡೆಯ ದಾರಿ ತೆರೆಯುವುದು ನೆನಪಿನಿಂದಲೇ. ಕೊನೆಯ ಜನ್ಮದಲ್ಲಿ ಅಭಯರುಚಿ, ಅಭಯಮತಿಗಳಾಗಿ ಹುಟ್ಟಿದ ಆ ಜೀವಗಳು ಹಿಂದಿನ ಭವಗಳನ್ನೆಲ್ಲ ಸ್ಮರಿಸಿ ವಿರಕ್ತರಾಗುತ್ತಾರೆ. ಅವರ ಕಥೆ ಕೇಳಿ ಬಲಿಗೆ ಸಿದ್ಧನಾಗಿದ್ದ ಮಾರಿದತ್ತನೂ ಕತ್ತಿ ಇಳಿಸುತ್ತಾನೆ.

ಹಾಗಾದರೆ ಬಂಧಿಸುವ ನೆನಪಿಗೂ ಬಿಡಿಸುವ ನೆನಪಿಗೂ ಭೇದವೇನು? ಪ್ರಮಾಣವೆನಿಸಬೇಕಾದರೆ ಸ್ಮೃತಿಯು ನಿಜವಾಗಿರಬೇಕು, ಪೂರ್ಣವಾಗಿರಬೇಕು. ಬಾಲ್ಯದ ಹಂಬಲವು ಅರ್ಧವನ್ನು ಮಾತ್ರ ನೆನೆಯುತ್ತದೆ. ಅದು ಬೇಸಿಗೆಯ ರಜೆಯನ್ನು ನೆನೆಯುತ್ತದೆ, ರಜೆಯ ಜಗಳವನ್ನು ಬಿಡುತ್ತದೆ. ಗೊಂಬೆಯ ಬಣ್ಣವನ್ನು ನೆನೆಯುತ್ತದೆ, ಅದಕ್ಕಾಗಿ ಹಿಡಿದ ಹಟವನ್ನು ಬಿಡುತ್ತದೆ. ಪೆಟ್ಟಿಗೆಯ ಮುಂದೆ ಕುಳಿತವನು ಪ್ರಾಮಾಣಿಕವಾಗಿ ನೆನೆಯತೊಡಗಿದರೆ ಅವನಿಗೆ ಇನ್ನೊಂದು ಸಂಗತಿಯೂ ಕಾಣುತ್ತದೆ. ಆಟದಲ್ಲಿ ವೀರನ ಗೊಂಬೆ ಯಾವಾಗಲೂ ಅವನ ಕೈಯಲ್ಲಿಯೇ ಇತ್ತು. ರಕ್ಕಸನ ಗೊಂಬೆ ಯಾವಾಗಲೂ ತಮ್ಮನ ಕೈಯಲ್ಲಿತ್ತು. ಪ್ರತಿದಿನ ಸೋಲಬೇಕಾದವನು ತಮ್ಮನೇ. ಒಂದು ದಿನವಾದರೂ ನಾನು ವೀರನಾಗುತ್ತೇನೆಂದು ಅವನು ಕೇಳಿದ್ದಿರಬಹುದು; ನೀನು ಚಿಕ್ಕವನು ಎಂಬ ಉತ್ತರ ಸಿಕ್ಕಿರಬಹುದು. ಅಣ್ಣತಮ್ಮಂದಿರಿರುವ ಯಾವ ಮನೆಯಲ್ಲಿ ಇದು ನಡೆದಿಲ್ಲ?

ಈ ಅರ್ಧವನ್ನೂ ನೆನೆದಾಗ ಹಂಬಲದ ಸಿಹಿ ಒಡೆಯುತ್ತದೆ. ಆ ಜಾಗದಲ್ಲಿ ಮೂಡುವುದು ಆಲೋಚನೆ, ಪ್ರತಿಕ್ರಮಣ. ಕಳೆದುದನ್ನು ಸುಖಕ್ಕಾಗಿ ಮೆಲುಕುಹಾಕಿದರೆ ಮೋಹ. ಕಳೆದುದರಲ್ಲಿ ತನ್ನ ತಪ್ಪನ್ನು ಕಂಡು ಹಿಂದಿರುಗಿದರೆ ಪ್ರತಿಕ್ರಮಣ. ಎರಡಕ್ಕೂ ಸಾಮಗ್ರಿ ಒಂದೇ ಪೆಟ್ಟಿಗೆ, ಒಂದೇ ಗೊಂಬೆ. ತಮ್ಮನಿಂದ ಈಗ ಕ್ಷಮೆ ಕೇಳುವಂತಿಲ್ಲ. ಕ್ಷಮಾವಣಿಯ ದಿನ ನಾವು ಸಕಲ ಜೀವಗಳಲ್ಲಿ ಕ್ಷಮೆ ಬೇಡುವುದು ಬಹುಶಃ ಇಂತಹ, ಎದುರಿಗೆ ಇಲ್ಲದವರ ಸಲುವಾಗಿಯೇ.

ಹಂಬಲವನ್ನು ಅರ್ಧದಲ್ಲಿಯೇ ನಿಲ್ಲಿಸುವುದರಲ್ಲಿ ವ್ಯಾಪಾರಕ್ಕೆ ಲಾಭವಿದೆ. ಹಳೆಯ ಗೊಂಬೆಗಳನ್ನು ಈಗ ನಲವತ್ತು ದಾಟಿದವರು ಹೆಚ್ಚಿನ ಬೆಲೆ ಕೊಟ್ಟು ಮರಳಿ ಕೊಳ್ಳುತ್ತಾರೆ. ಹಳೆಯ ಕಾರ್ಟೂನುಗಳು ಹೊಸ ರೂಪದಲ್ಲಿ ಮತ್ತೆ ಬರುತ್ತವೆ. ಮೊದಲು ಮಗುವಿನ ಆಸೆಯನ್ನು ಮಾರಿದವರು ಈಗ ಅದೇ ಮಗುವಿನ ನೆನಪನ್ನು ಮಾರುತ್ತಾರೆ. ಸೋಜಿಗವೆಂದರೆ, 'ಮೈಟಿ ಮ್ಯಾಕ್ಸ್' ಕಾರ್ಟೂನಿನ ಕೊನೆಯ ಕಂತೇ ಇದಕ್ಕೊಂದು ಉತ್ತರ ಹೇಳುತ್ತದೆ. ಅಲ್ಲಿ ಬಾಲಕನ ಸಂಗಾತಿಗಳು ಸಾಯುತ್ತಾರೆ. ಬಾಲಕ ಕಾಲದಲ್ಲಿ ಹಿಂದಿರುಗಿ ಕಥೆಯ ಆರಂಭಕ್ಕೇ ಬಂದು ನಿಲ್ಲುತ್ತಾನೆ. ಆದರೆ ನಡೆದುದೆಲ್ಲ ಅವನಿಗೆ ನೆನಪಿದೆ. ಆರಂಭಕ್ಕೆ ಮರಳುವುದು ಅದೇ ಆಟವನ್ನು ಮತ್ತೆ ಆಡುವುದಕ್ಕಲ್ಲ, ಈ ಸಲ ಸರಿಯಾಗಿ ನಡೆಯುವುದಕ್ಕೆ. ಗೊಂಬೆ ಮಾರಲೆಂದು ಹುಟ್ಟಿದ ಕಥೆಗೂ ಸ್ಮರಣೆಯ ಸದುಪಯೋಗ ಹೊಳೆದಿರುವಾಗ ಭವಭವಾಂತರಗಳ ಕಥೆಗಳನ್ನು ಕೇಳಿ ಬೆಳೆದ ನಮಗೆ ಹೊಳೆಯದಿರಬಾರದು.

ಇಷ್ಟಾದ ಮೇಲೆ ಪೆಟ್ಟಿಗೆಯನ್ನು ಏನು ಮಾಡಬೇಕು? ಅಜ್ಜಿ ಹೇಳಿದಂತೆ ಅದು ದೇವರ ಮನೆಯ ಬಳಿ ಇರಬೇಕಾಗಿಲ್ಲ. ಆದರೆ ಜುಗುಪ್ಸೆಯಿಂದ ಎಸೆಯುವುದೂ ಒಂದು ಕಷಾಯವೇ. ಮಗ ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರೆ ಪರಿಗ್ರಹ. ಮೊಮ್ಮಗಳ ಕೈಗೆ ಸುಮ್ಮನೆ ಕೊಟ್ಟರೆ ಅನರ್ಥದಂಡಕ್ಕೆ ಆಸ್ಪದ. ಉಳಿದ ದಾರಿ, ಅವನು ಮಗಳೊಡನೆ ನೆಲದ ಮೇಲೆ ಕುಳಿತು ಒಂದು ಸಂಜೆ ಆಡುವುದು. ಈ ಸಲ ರಕ್ಕಸನ ಗೊಂಬೆಯನ್ನು ತಾನು ಹಿಡಿಯಬೇಕು. ಆ ರಕ್ಕಸನಿಗೂ ಒಂದು ಹೆಸರು, ಒಂದು ಕಥೆ, ಒಂದು ಅಳಲು ಇದೆಯೆಂದು ಹೇಳಬೇಕು. ಕೊನೆಯಲ್ಲಿ ಕೊಲ್ಲದೆ ಮುಗಿಯುವ ಕಥೆಯನ್ನು ಇಬ್ಬರೂ ಕೂಡಿ ಹುಡುಕಬೇಕು. ತಮ್ಮನ ವಿಷಯವನ್ನೂ ಹೇಳಬೇಕು, ಅವನನ್ನು ಯಾವಾಗಲೂ ಸೋಲಿಸಿದ್ದನ್ನೂ ಮುಚ್ಚಿಡದೆ ಹೇಳಬೇಕು. ಆಮೇಲೆ ಕೆಲವು ದಿನಗಳಲ್ಲಿ ಆ ಗೊಂಬೆಗಳು ಇನ್ನೊಂದು ಮನೆಯ ಮಗುವಿನ ಕೈ ಸೇರಲಿ. ಪ್ಲಾಸ್ಟಿಕ್ ನೀರಿನಲ್ಲಿ ಕರಗುವುದಿಲ್ಲ. ದಾನದಲ್ಲಿ ಮಾತ್ರ ಕರಗಬಲ್ಲದು.

ಬಸದಿಗಳ ಆಡಳಿತ ನೋಡುವ ಟ್ರಸ್ಟುಗಳು ಇದಕ್ಕೆ ನೆರವಾಗಬಹುದು. ಪಾಠಶಾಲೆಯ ಒಂದು ಮೂಲೆಯಲ್ಲಿ ಆಟಿಕೆಗಳ ಪೆಟ್ಟಿಗೆಯೊಂದನ್ನಿಟ್ಟು, ಪರ್ಯುಷಣದ ದಿನಗಳಲ್ಲಿ ಪ್ರತಿ ಮಗುವೂ ತನಗೆ ಪ್ರಿಯವಾದ ಒಂದು ಗೊಂಬೆಯನ್ನು ತಾನಾಗಿ ತಂದು ಬಿಡುವ ಅಭ್ಯಾಸ ಮಾಡಿಸಿದರೆ ಖರ್ಚೇನೂ ಇಲ್ಲ. ಬೇಡವಾದುದನ್ನು ಬಿಡುವುದು ಗುಡಿಸುವುದಷ್ಟೇ; ಬೇಕಾದುದನ್ನು ಬಿಡುವುದು ತ್ಯಾಗ. ದಿಗಂಬರ, ಶ್ವೇತಾಂಬರ ಎನ್ನದೆ ಎಲ್ಲ ಮನೆಗಳ ಮಕ್ಕಳಿಗೂ ಈ ಪಾಠ ಒಂದೇ. ಎಂದೋ ಒಂದು ದಿನ, ಎಲ್ಲವನ್ನೂ ಬಿಟ್ಟು ಹೊರಡುವ ಹೊತ್ತಿನಲ್ಲಿ, ಬಾಲ್ಯದ ಧೂಳಿನಾಟ ಅವರ ಕಣ್ಮುಂದೆ ಬಂದೇ ಬರುತ್ತದೆ. ಆಗ ಅದು ಕೈಹಿಡಿದು ಜಗ್ಗದೆ, ಕ್ಷಮೆ ಕೇಳಿ ಮುಗಿಸಿದ ಲೆಕ್ಕದಂತೆ ಬಂದು ಹೋಗಲಿ.